ಸಹಾಯ ಬೇಕು: ಬೆಂಗಳೂರಿನ ವಾರ್ಡ್‌ವಾರು ಜನಸಾಂದ್ರತೆ ಅಳೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಭೂಗೋಳಶಾಸ್ತ್ರದ ಎಂ.ಎ. ಪ್ರಬಂಧಕ್ಕಾಗಿ ಬೆಂಗಳೂರಿನ ಜನಸಾಂದ್ರತೆ ನಡುಭಾಗದಿಂದ ಅಂಚಿನವರೆಗೆ ಹೇಗೆ ಬದಲಾಗುತ್ತದೆ ಎಂದು ಲೆಕ್ಕ ಹಾಕುತ್ತಿದ್ದೇನೆ. 2011ರ ಜನಗಣತಿಯ 198 ವಾರ್ಡ್‌ಗಳ ಅಂಕಿಅಂಶ ಕೈಯಲ್ಲಿದೆ. ಕೇಂದ್ರದಿಂದ ದೂರ ಹೋದಂತೆ ಸಾಂದ್ರತೆ ಘಾತೀಯವಾಗಿ (ಮೊದಲು ತೀವ್ರವಾಗಿ, ಆಮೇಲೆ ನಿಧಾನವಾಗಿ) ಇಳಿಯುತ್ತದೆ ಎಂದು ಅರ್ಥಶಾಸ್ತ್ರಜ್ಞ ಕಾಲಿನ್ ಕ್ಲಾರ್ಕ್ 1951ರಲ್ಲಿ ಹೇಳಿದ್ದರು. ನನ್ನ ಅಂಕಿಗಳು ಆ ಇಳಿಕೆಯ ಗೆರೆಗೆ ಒಗ್ಗುತ್ತಲೇ ಇಲ್ಲ.

ತೊಡಕಿರುವುದು ವಿಸ್ತೀರ್ಣದಲ್ಲಿ. ಬೆಳ್ಳಂದೂರಿನಲ್ಲಿ ಕೆರೆಯ ನೀರೂ ಚದರ ಕಿಲೋಮೀಟರಿಗೆ ಸೇರಿ ಸಾಂದ್ರತೆ ಸುಮ್ಮನೆ ಕುಸಿಯುತ್ತದೆ. ಕಬ್ಬನ್ ಪಾರ್ಕಿನ ಸುತ್ತಲೂ ಇದೇ ಪಾಡು. ಇನ್ನೊಂದು ತೊಡಕೂ ಇದೆ. ಚಿಕ್ಕಪೇಟೆಯ ಒಂದು ಓಣಿಯಲ್ಲಿ ನಾನೇ ನಡೆದು ನೋಡಿದೆ: ಕೆಳಗೆ ಸೀರೆ ಅಂಗಡಿ, ಮೇಲಿನ ಮಹಡಿಯಲ್ಲಿ ಬಟ್ಟೆಯ ಮೂಟೆಗಳು. ರಾತ್ರಿ ದೀಪ ಉರಿದದ್ದು ಎರಡೇ ಕಿಟಕಿಗಳಲ್ಲಿ. ಅಲ್ಲಿನ ಹಗಲಿನ ನೂಕುನುಗ್ಗಲು ಜನಗಣತಿಯ ಲೆಕ್ಕಕ್ಕೆ ಬರುವುದೇ ಇಲ್ಲ.

ಕೆರೆ, ಉದ್ಯಾನ, ಸೇನೆಯ ಜಾಗಗಳನ್ನು ಕಳೆದು, ವಾಸದ ನೆಲದಿಂದಷ್ಟೇ ಭಾಗಿಸಬೇಕು ಎಂಬುದು ನನ್ನ ನಿಲುವು. ಭೂಬಳಕೆಯ ನಕ್ಷೆಯನ್ನು ವಾರ್ಡ್ ಗಡಿಗಳ ಮೇಲೆ ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಹೊಂದಿಸಿದವರು ಯಾರಾದರೂ ಇದ್ದೀರಾ? ಕೇಂದ್ರಬಿಂದುವಾಗಿ ಕೆ.ಆರ್. ಮಾರುಕಟ್ಟೆಯನ್ನು ಹಿಡಿಯಲೇ, ವಿಧಾನಸೌಧವನ್ನು ಹಿಡಿಯಲೇ? ಮುಂದಿನ ವಾರ ಮಾರ್ಗದರ್ಶಕರಿಗೆ ತೋರಿಸಬೇಕು. ಬಲ್ಲವರು ದಯವಿಟ್ಟು ತಿಳಿಸಿ.