ಶೆಟ್ಟರ ಹಡಗು, ಆಚಾರ್ಯರ ಕುರ್ಚಿ

ಶೆಟ್ಟರ ಜಗಲಿಯ ಕುರ್ಚಿಯನ್ನು ಒಬ್ಬನೇ ಎಳೆಯಲು ಹೋದವನಿಗೆ ಸೊಂಟ ಹಿಡಿಯುವುದು ನಿಶ್ಚಿತ. ಅವರ ಹೋಟೆಲಿಗೆ ಪ್ಲಾಸ್ಟಿಕ್ ಕುರ್ಚಿಗಳು ಬಂದಾಗ ಹಳೆಯವುಗಳಲ್ಲಿ ನಾಲ್ಕನ್ನು ಮನೆಗೆ ತಂದು ಇಟ್ಟುಕೊಂಡರು. “ಬರ್ಮಾ ತೇಗ ಮಾರಾಯರೇ, ಮರಗೆಲಸದ ನಮ್ಮ ಆಚಾರ್ಯರು ಒದಗಿಸಿದ್ದು” ಎಂದು ಬಂದವರಿಗೆಲ್ಲ ಹೇಳುತ್ತಾರೆ. ಆ ಹೊತ್ತಿಗೆ ಆಚಾರ್ಯರು ಅಲ್ಲಿದ್ದರೆ ತೆಂಗಿನ ಮರದ ತುದಿಯನ್ನು ನೋಡುತ್ತಾರೆ. ಅದನ್ನು ನಾನು ಇಷ್ಟು ವರ್ಷ ವಿನಯ ಎಂದುಕೊಂಡಿದ್ದೆ.

ಆ ಭಾನುವಾರ ಪಣಂಬೂರಿನ ಬಂದರಿಗೆ ಪ್ರವಾಸಿ ಹಡಗೊಂದು ಬಂದಿತ್ತು. ವಿದೇಶಿಯರನ್ನು ಬಸ್ಸುಗಳಲ್ಲಿ ತುಂಬಿಕೊಂಡು ಕದ್ರಿ ದೇವಸ್ಥಾನ, ಮೂಡುಬಿದಿರೆಯ ಬಸದಿ, ಗೇರುಬೀಜದ ಕಾರ್ಖಾನೆ ಎಂದು ಸುತ್ತಿಸುತ್ತಿದ್ದರು. ಶೆಟ್ಟರಿಗೆ ಅಷ್ಟೇ ಸಾಕಾಯಿತು. ಫ್ಲಾರಿಡಾದ ಮಗಳ ಮನೆಗೆ ಹೋಗಿ, ಅಳಿಯನ ದುಡ್ಡಿನಲ್ಲಿ ಏಳು ರಾತ್ರಿ ಕೆರಿಬಿಯನ್ ಸಮುದ್ರ ಸುತ್ತಿ ಬಂದು ಅವರಿಗೆ ತಿಂಗಳಾಗಿತ್ತು. ಕೇಳದವರು ಇನ್ನೂ ಉಳಿದಿದ್ದರು.

“ಅದನ್ನು ಹಡಗು ಎನ್ನಬಾರದು ಮಾಸ್ಟರೇ. ಒಳಗೆ ಹೋದರೆ ಬೆಂಗಳೂರಿನ ಮಾಲ್. ಗಾಜಿನ ಲಿಫ್ಟು, ಅಂಗಡಿಗಳ ಸಾಲು, ನೀರಿನ ಜಾರುಬಂಡೆ, ಮಂಜುಗಡ್ಡೆಯ ಮೇಲೆ ಕುಣಿಯುವ ಅಂಗಳ!”

“ಸಮುದ್ರ?” ಎಂದೆ.

“ಸಮುದ್ರವೂ ಇತ್ತು, ಹೊರಗಡೆ.”

ಗೋಳಿಬಜೆಯ ತಟ್ಟೆ ಇಡುತ್ತಿದ್ದ ಜಲಜಕ್ಕ ಹೇಳಿದರು: “ನಮ್ಮ ಕೋಣೆಗೆ ಕಿಟಕಿಯೇ ಇರಲಿಲ್ಲ. ದೀಪ ಆರಿಸಿದರೆ ಹಗಲೋ ರಾತ್ರಿಯೋ ತಿಳಿಯುವುದಿಲ್ಲ. ಇವರು ಒಂದು ದಿನ ರಾತ್ರಿ ಎರಡು ಗಂಟೆಗೆ ಎದ್ದು, ಸ್ನಾನ ಮಾಡಿ, ತಲೆ ಬಾಚಿಕೊಂಡು ತಿಂಡಿಗೆ ಹೊರಟರು.”

“ತಿಂಡಿ ಸಿಕ್ಕಿತಲ್ಲ!” ಎಂದರು ಶೆಟ್ಟರು. ಹೋಟೆಲಿನವರಿಗೆ ಅದೇ ಮುಖ್ಯ. “ಬರುವಾಗ ಮಾತ್ರ ದಾರಿ ತಪ್ಪಿತು. ಒಂದೇ ತರಹದ ಬಾಗಿಲು, ಒಂದೇ ತರಹದ ದೀಪ. ಮುಕ್ಕಾಲು ಗಂಟೆ ನಡೆದೆ.”

“ನೆಲಗಂಬಳಿ ನೋಡಬೇಕಿತ್ತು” ಎಂದರು ಡಿಸೋಜರು. ಸರಕು ಹಡಗುಗಳ ಇಂಜಿನ್ ಕೋಣೆಯಲ್ಲಿ ಮೂವತ್ತು ವರ್ಷ ಬೆವರಿ, ಚೀಫ್ ಇಂಜಿನಿಯರ್ ಆಗಿ ನಿವೃತ್ತರಾದವರು ಅವರು. “ಕೆಲವು ಹಡಗುಗಳ ನೆಲಗಂಬಳಿಯಲ್ಲಿ ಮೀನಿನ ಚಿತ್ರಗಳಿರುತ್ತವೆ. ಮೀನುಗಳೆಲ್ಲ ಹಡಗಿನ ಮೂತಿಯ ಕಡೆಗೇ ಈಜುತ್ತಿರುತ್ತವೆ. ಅವುಗಳ ಹಿಂದೆ ನಡೆದರೆ ಮುಂಭಾಗ, ಎದುರಿಗೆ ನಡೆದರೆ ಹಿಂಭಾಗ.”

“ಮೀನಿನ ಹಿಂದೆ ಹೋಗಿದ್ದರೆ ಇವರು ಅಡುಗೆಮನೆಗೇ ಮುಟ್ಟುತ್ತಿದ್ದರು” ಎಂದು ಜಲಜಕ್ಕ ಒಳಗೆ ಹೋದರು.

ಕಿಟಕಿಯಿಲ್ಲದ ಕೋಣೆಯ ಬಗ್ಗೆ ನನಗೆ ಕನಿಕರ ಉಕ್ಕಿತು. ಹಿಂದಿನ ಕಾಲದ ಹಡಗುಗಳಲ್ಲಾದರೆ ಜನ ಸಮುದ್ರವನ್ನು ಕಣ್ತುಂಬ ನೋಡುತ್ತಿದ್ದರು, ಈಗಿನವರಿಗೆ ಆ ರಸಿಕತೆಯಿಲ್ಲ ಎಂದು ಒಂದು ಸಣ್ಣ ಭಾಷಣವನ್ನೇ ಮಾಡಿಬಿಟ್ಟೆ. ಡಿಸೋಜರು ಗೋಳಿಬಜೆ ಜಗಿಯುತ್ತ ಅದು ಮುಗಿಯುವವರೆಗೂ ಕಾದರು.

“ಮಾಸ್ಟರೇ, ಆ ಕಾಲದಲ್ಲಿ ಒಳಾಂಗಣ ಮಾಡಿದವರಿಗೆ ಇದ್ದ ಮೊದಲ ಅಪ್ಪಣೆಯೇ ಸಮುದ್ರ ಕಾಣಬಾರದು, ಹಡಗು ಹಡಗಿನಂತೆ ಇರಬಾರದು ಎಂದು. ‘ಅಕ್ವಿಟೇನಿಯಾ’ ಎಂಬ ಇಂಗ್ಲಿಷ್ ಹಡಗಿನ ಒಳಾಂಗಣ ಮಾಡಿದವನು ಆರ್ಥರ್ ಡೇವಿಸ್. ಹಡಗನ್ನು ಹಡಗಿನಂತೆಯೇ ಯಾಕೆ ಮಾಡುವುದಿಲ್ಲ ಎಂದು ಕೇಳಿದರೆ, ಇದರಲ್ಲಿ ಹೋಗುವವರು ಕಡಲುಗಳ್ಳರಲ್ಲ, ಹೆಚ್ಚಿನವರು ವಾಂತಿ ಬಂದು ಮಲಗಿರುವ ಅಮೆರಿಕದ ಹೆಂಗಸರು, ತಾವು ಹಡಗಿನಲ್ಲಿದ್ದೇವೆ ಎಂಬುದನ್ನು ಮರೆಯುವುದೇ ಅವರಿಗೆ ಬೇಕಾದದ್ದು ಎಂದನಂತೆ.”

“ವಾಂತಿ ಗಂಡಸರಿಗೂ ಬರುತ್ತದೆ” ಎಂದು ಒಳಗಿನಿಂದ ಉತ್ತರ ಬಂತು. ಶೆಟ್ಟರು ಚಟ್ನಿಯ ಕಡೆಗೆ ಗಮನ ಕೊಟ್ಟರು.

ಡಿಸೋಜರಿಗೆ ಇಂಜಿನ್ ಬಿಸಿಯಾಗಿತ್ತು. 1912ರ ‘ಟೈಟಾನಿಕ್’ನಲ್ಲಿ ವಿಶ್ರಾಂತಿ ಕೋಣೆ ಫ್ರಾನ್ಸಿನ ಹದಿನೈದನೆಯ ಲೂಯಿಯ ಶೈಲಿಯದು, ಹೋಟೆಲು ಹದಿನಾರನೆಯ ಲೂಯಿಯದು, ಊಟದ ಹಜಾರ ಇಂಗ್ಲೆಂಡಿನ ಹಳೆಯ ಜಮೀನ್ದಾರರದು. ಒಂದು ಸಂಜೆ ನಡೆದರೆ ಇನ್ನೂರು ಮುನ್ನೂರು ವರ್ಷ ದಾಟಿದಂತೆ. ನಮ್ಮ ಬೊಂಬಾಯಿಗೆ ಬರುತ್ತಿದ್ದ 1929ರ ‘ವೈಸರಾಯ್ ಆಫ್ ಇಂಡಿಯಾ’ದ ಕಥೆ ಇನ್ನೂ ಚೆನ್ನಾಗಿದೆ. ಅದರ ಒಳಾಂಗಣ ಮಾಡಿಸಿದವರು ಆ ಕಂಪನಿಯ ಯಜಮಾನರ ಮಗಳು ಎಲ್ಸಿ ಮೆಕೇ. ಗಂಡಸರು ಚುರುಟು ಸೇದುವ ಕೋಣೆಯನ್ನು ಸ್ಕಾಟ್ಲೆಂಡಿನ ಕೋಟೆಯ ಹಜಾರದಂತೆ, ಮರದ ತೊಲೆ, ಅಗ್ಗಿಷ್ಟಿಕೆ ಸಮೇತ ಮಾಡಿಸಿದರು.

“ಕೆಂಪು ಸಮುದ್ರದ ಸೆಕೆಯಲ್ಲಿ ಅಗ್ಗಿಷ್ಟಿಕೆ!” ಎಂದು ಶೆಟ್ಟರು ಬೀಸಣಿಗೆ ಎತ್ತಿಕೊಂಡರು.

“ನಿಮ್ಮ ಹಡಗಿನಲ್ಲಿ ಉಷ್ಣವಲಯದ ಮಧ್ಯೆ ಮಂಜುಗಡ್ಡೆ ಇತ್ತಲ್ಲ?” ಎಂದೆ. ಭಾಷಣದಲ್ಲಿ ಕಳೆದುಕೊಂಡ ಮಾನವನ್ನು ಸ್ವಲ್ಪ ವಾಪಸು ಪಡೆದೆ.

ಆವರೆಗೆ ಆಚಾರ್ಯರು ತುಟಿ ಬಿಚ್ಚಿರಲಿಲ್ಲ. ಮರದ ತೊಲೆ ಎಂದ ಕೂಡಲೆ ಅವರ ಕಿವಿ ನಿಮಿರಿತು. “ಇಷ್ಟೆಲ್ಲ ಮರ ಹೇರಿದರೆ ಹಡಗು ವಾಲುವುದಿಲ್ಲವೇ?”

“ವಾಲಿತಲ್ಲ! 1913ರಲ್ಲಿ ಜರ್ಮನಿಯವರು ‘ಇಂಪರೇಟರ್’ ಎಂದು ಒಂದು ಕಟ್ಟಿದರು. ಒಳಾಂಗಣ ಶಾರ್ಲ್ ಮೆವೆಸ್‌ನದು, ಪ್ಯಾರಿಸಿನ ರಿಟ್ಜ್ ಹೋಟೆಲಿನ ವಾಸ್ತುಶಿಲ್ಪಿ. ಕೆಳಗಡೆ ಪೊಂಪೆ ನಗರದ ಮಾದರಿಯ ಈಜುಕೊಳ, ಮೇಲಿನ ಅಂತಸ್ತುಗಳಲ್ಲಿ ಅಮೃತಶಿಲೆಯ ಸ್ನಾನಗೃಹಗಳು, ಭಾರದ ಪೀಠೋಪಕರಣ. ತಲೆ ಭಾರವಾಗಿ ಹಡಗು ಒಂದೊಂದು ಸಲ ಒಂದೊಂದು ಕಡೆಗೆ ಒರಗಿ ನಿಲ್ಲತೊಡಗಿತು. ಆಮೇಲೆ ಅಮೃತಶಿಲೆ ಕಿತ್ತರು, ಹೊಗೆಕೊಳವೆ ಕುಳ್ಳಗೆ ಮಾಡಿದರು, ಅಡಿಯಲ್ಲಿ 2,000 ಟನ್ ಸಿಮೆಂಟ್ ಸುರಿದರು. ಭಾರದ ಕುರ್ಚಿಗಳ ಬದಲು ಬೆತ್ತದ ಕುರ್ಚಿ ಹಾಕಿದರು.”

“ಬೆತ್ತವೇ!” ಆಚಾರ್ಯರ ದನಿಯಲ್ಲಿ ಸೂತಕದ ಮನೆಯ ನೋವಿತ್ತು.

ಅವರನ್ನು ಸಮಾಧಾನಪಡಿಸಲೆಂದೇ ಡಿಸೋಜರು ‘ಕ್ವೀನ್ ಮೇರಿ’ಯ ವಿಷಯ ತೆಗೆದರು. 1936ರ ಈ ಹಡಗು ಈಗ ಕ್ಯಾಲಿಫೋರ್ನಿಯಾದ ಲಾಂಗ್ ಬೀಚಿನಲ್ಲಿ ಹೋಟೆಲಾಗಿ ನಿಂತಿದೆ. ಅಲ್ಲಿ ಅವರು ದುಡ್ಡು ಕೊಟ್ಟು ಟಿಕೆಟ್ ಪಡೆದು ಒಳಗೆ ಹೋಗಿದ್ದಾರೆ. ನಾವಿಕನಿಗೆ ಇದಕ್ಕಿಂತ ಅವಮಾನ ಬೇರೆ ಇಲ್ಲ ಎಂಬುದು ಅವರ ಅಭಿಪ್ರಾಯ. ಒಳಗಡೆ 56 ಜಾತಿಯ ಮರ ಬಳಸಿದ್ದಾರೆ. ಒಂದೊಂದು ಕೋಣೆಗೆ ಒಂದೊಂದು ಬಣ್ಣದ ಹಲಗೆ, ಒಂದೊಂದು ಎಳೆ. ಊಟದ ಹಜಾರದ ಗೋಡೆಯಲ್ಲಿ ಅಟ್ಲಾಂಟಿಕ್ ಸಮುದ್ರದ ದೊಡ್ಡ ನಕ್ಷೆ. ಅದರ ಮೇಲೆ ಸ್ಫಟಿಕದ ಪುಟ್ಟ ಹಡಗು. ನಿಜವಾದ ಹಡಗು ಎಲ್ಲಿದೆಯೋ ಅಲ್ಲಿಗೆ ಅದೂ ಸರಿಯುತ್ತಿತ್ತು.

“ಐವತ್ತಾರು!” ಆಚಾರ್ಯರು ಬೆರಳು ಮಡಿಸುತ್ತ ತೇಗ, ಬೀಟೆ, ಹಲಸು, ಹೆಬ್ಬಲಸು, ಮತ್ತಿ, ಹೊನ್ನೆ ಎಂದು ಹನ್ನೊಂದರವರೆಗೆ ಹೋಗಿ ನಿಂತರು. “ಮತ್ತೆ ಈಗಿನವರಿಗೆ ಏನು ರೋಗ? ಶೆಟ್ಟರ ಹಡಗಿನಲ್ಲಿ ಮರವೇ ಇಲ್ಲವಂತೆ.”

“ಇತ್ತು” ಎಂದರು ಶೆಟ್ಟರು. “ಉಗುರಿನಿಂದ ಕೆರೆದು ನೋಡಿದೆ. ಮರದ ಚಿತ್ರ ಅಂಟಿಸಿದ ತಗಡು.”

“ರೋಗವಲ್ಲ ಆಚಾರ್ಯರೇ, ಬೆಂಕಿ.” ಡಿಸೋಜರು ಲೋಟ ಕೆಳಗಿಟ್ಟರು. “1934ರಲ್ಲಿ ‘ಮಾರೋ ಕ್ಯಾಸಲ್’ ಎಂಬ ಹಡಗು ನ್ಯೂಜೆರ್ಸಿಯ ದಡದ ಹತ್ತಿರವೇ ಉರಿಯಿತು, 137 ಜನ ಸತ್ತರು. ನಯ ಮಾಡಿ ವಾರ್ನಿಷ್ ಹಚ್ಚಿದ ಹಲಗೆ ಎಂದರೆ ಬೆಂಕಿಗೆ ತುಪ್ಪ. ‘ನಾರ್ಮಂಡಿ’ಯ ಕಥೆ ಕೇಳಿದ್ದೀರಾ? 1935ರ ಫ್ರೆಂಚ್ ಹಡಗು. ಊಟದ ಹಜಾರ 93 ಮೀಟರ್ ಉದ್ದ, ವರ್ಸೈಲ್ಸ್ ಅರಮನೆಯ ಕನ್ನಡಿ ಹಜಾರಕ್ಕಿಂತ ಉದ್ದ. ಅದಕ್ಕೂ ಕಿಟಕಿ ಇಲ್ಲ ಮಾಸ್ಟರೇ, ಗಮನಿಸಿ. ಆದರೆ ಲಾಲಿಕ್ ಎಂಬ ಗಾಜಿನ ಕಲೆಗಾರ ಮಾಡಿದ ಕಂಬಗಳು ಒಳಗಿನಿಂದ ಬೆಳಗುತ್ತಿದ್ದವು. ಒಟ್ಟಿಗೆ 700 ಜನ ಊಟಕ್ಕೆ ಕೂರಬಹುದಿತ್ತು.”

“ಒಂದೇ ಪಂಕ್ತಿಯಲ್ಲಿ?” ಶೆಟ್ಟರು ಮನಸ್ಸಿನಲ್ಲೇ ಎಲೆ ಹಾಕಿ ನೋಡಿದರು.

“ಒಂದೇ ಪಂಕ್ತಿ. ಮತ್ತೊಂದು ಕೇಳಿ, ಇದು ನಮ್ಮ ಇಲಾಖೆಯ ವಿಷಯ. ಬಾಯ್ಲರಿನ ಹೊಗೆ ಹಡಗಿನ ನಟ್ಟನಡುವೆ ಮೇಲೆ ಹೋಗುವುದು ಸಾಮಾನ್ಯ ಪದ್ಧತಿ. ಹಾಗಾದರೆ ಪ್ರತಿ ಹಜಾರದ ಮಧ್ಯೆ ಚಿಮಣಿ ಅಡ್ಡ ಬರುತ್ತದೆ. ನಾರ್ಮಂಡಿಯಲ್ಲಿ ಹೊಗೆಯ ದಾರಿಯನ್ನು ಸೀಳಿ ಎರಡು ಪಕ್ಕಕ್ಕೆ ಸರಿಸಿದರು. ಮೇಲಿನ ಹಜಾರಗಳಲ್ಲಿ ಈ ತುದಿಯಲ್ಲಿ ನಿಂತರೆ ಆ ತುದಿಯವರೆಗೆ ದೃಷ್ಟಿ ಓಡುತ್ತಿತ್ತು. ಅಂದ ನೋಡುವವರಿಗಾಗಿ ಇಂಜಿನಿಯರನು ಜಾಗ ಬಿಟ್ಟುಕೊಟ್ಟದ್ದು ನನಗೆ ಗೊತ್ತಿರುವಂತೆ ಬಹಳ ಅಪರೂಪ. ಈಗ 2009ರಲ್ಲಿ ಬಂದ ‘ಓಯಸಿಸ್ ಆಫ್ ದ ಸೀಸ್’ನಲ್ಲಿ ಹಡಗಿನ ಮೇಲ್ಭಾಗವನ್ನೇ ಎರಡಾಗಿ ಸೀಳಿ, ನಡುವೆ ಆಕಾಶಕ್ಕೆ ತೆರೆದ ತೋಟ ಮಾಡಿದ್ದಾರೆ, ನಿಜವಾದ ಗಿಡಗಳದ್ದು. ಒಳಸಾಲಿನ ಕೋಣೆಗಳ ಬಾಲ್ಕನಿಗಳು ಆ ತೋಟಕ್ಕೆ ಮುಖ ಮಾಡಿವೆ.”

ಜಲಜಕ್ಕ ಚಹಾ ತಂದಿದ್ದರು. “ನಡುವೆ ಅಂಗಳ ಬಿಟ್ಟು ಸುತ್ತ ಕೋಣೆ ಕಟ್ಟುವುದೆಂದರೆ ಅದು ನಮ್ಮ ಗುತ್ತಿನ ಮನೆಯಲ್ಲವೇ? ಇದಕ್ಕೆ ಅಮೆರಿಕಕ್ಕೆ ಹೋಗಬೇಕಿತ್ತೇ?”

ಯಾರಿಗೂ ಉತ್ತರ ಹೊಳೆಯಲಿಲ್ಲ. ಆಚಾರ್ಯರು ಮಾತ್ರ ಬೆಂಕಿಯಲ್ಲೇ ಇದ್ದರು. “ನಾರ್ಮಂಡಿ ಏನಾಯಿತು?”

“1942ರ ಫೆಬ್ರವರಿ. ನ್ಯೂಯಾರ್ಕಿನ ಬಂದರಿನಲ್ಲಿ ಅದನ್ನು ಸೈನಿಕರ ಹಡಗಾಗಿ ಮಾರ್ಪಡಿಸುತ್ತಿದ್ದರು. ಲೋಹ ಕತ್ತರಿಸುವ ಬೆಂಕಿಯ ಕಿಡಿ ಜೀವರಕ್ಷಕ ಅಂಗಿಗಳ ರಾಶಿಗೆ ಬಿತ್ತು. ಅಂಗಿಗಳ ಒಳಗೆ ಬೂರುಗದ ಹತ್ತಿಯಂಥದ್ದು. ಆರಿಸಲು ಸುರಿದ ನೀರಿನ ಭಾರಕ್ಕೆ ಹಡಗು ಮಗುಚಿಕೊಂಡಿತು. ಪುಣ್ಯಕ್ಕೆ ಗಾಜಿನ ಭಿತ್ತಿಚಿತ್ರಗಳನ್ನು ಮೊದಲೇ ಇಳಿಸಿದ್ದರು. ಅದರಲ್ಲೊಂದು ಭಾಗ ಅಲ್ಲಿಯ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ.”

ಅದಾದ ಮೇಲೆ ಮರದ ಗ್ರಹಚಾರ ಕೆಟ್ಟಿತು. ಅಮೆರಿಕದ ವಿಲಿಯಂ ಫ್ರಾನ್ಸಿಸ್ ಗಿಬ್ಸ್ ಎಂಬ ಹಡಗು ವಿನ್ಯಾಸಕನಿಗೆ ಬೆಂಕಿಯ ಭೂತವೇ ಹಿಡಿದಿತ್ತು. 1952ರ ಅವನ ‘ಯುನೈಟೆಡ್ ಸ್ಟೇಟ್ಸ್’ ಹಡಗಿನಲ್ಲಿ ಮೇಜು, ಕುರ್ಚಿ, ಅಲಂಕಾರ ಎಲ್ಲವೂ ಅಲ್ಯೂಮಿನಿಯಂ, ಗಾಜು, ಉರಿಯದ ಬಟ್ಟೆ. ಮರ ಎಂದು ಇದ್ದದ್ದು ಮಾಂಸ ಕಡಿಯುವ ಕೊರಡು ಮತ್ತು ಪಿಯಾನೊ. ಪಿಯಾನೊವನ್ನೂ ಅಲ್ಯೂಮಿನಿಯಮ್ಮಿನಲ್ಲೇ ಮಾಡಿ ಎಂದು ಹಠ ಹಿಡಿದಾಗ, ಪಿಯಾನೊ ಕಂಪನಿಯವರು ತಮ್ಮ ಮರದ ಮೇಲೆ ಪೆಟ್ರೋಲು ಸುರಿದು ಕಡ್ಡಿ ಗೀರಿ, ಅದು ಉರಿಯುವುದಿಲ್ಲವೆಂದು ತೋರಿಸಿದರು ಎಂದು ಕಥೆ. ಆ ಹಡಗನ್ನು 2025ರಲ್ಲಿ ಫಿಲಡೆಲ್ಫಿಯಾದಿಂದ ಎಳೆದೊಯ್ದರು, ಫ್ಲಾರಿಡಾದ ಬಳಿ ಮುಳುಗಿಸಿ ಮೀನುಗಳಿಗೆ ಮನೆ ಮಾಡಿಕೊಡುವುದಕ್ಕೆ.

“ಹಾಗಾದರೆ ಅಲ್ಲಿ ಮೀನುಗಳು ನೆಲಗಂಬಳಿಯ ಮೇಲೆ ನಿಜವಾಗಿಯೇ ಈಜುತ್ತವೆ” ಎಂದರು ಶೆಟ್ಟರು. ಆ ದಿನದ ಅವರ ಒಳ್ಳೆಯ ಮಾತು ಅದೊಂದೇ.

ಆಚಾರ್ಯರನ್ನು ಪೂರ್ತಿ ಕುಗ್ಗಿಸಿದ್ದು ಈಗಿನ ಕೋಣೆಗಳ ವಿಷಯ. ಕೋಣೆಯನ್ನು ಹಡಗಿನಲ್ಲಿ ಕಟ್ಟುವುದೇ ಇಲ್ಲ. ಕಾರ್ಖಾನೆಯಲ್ಲಿ ಗೋಡೆ, ಕನ್ನಡಿ, ಬಚ್ಚಲು, ನಲ್ಲಿ ಎಲ್ಲವನ್ನೂ ಸೇರಿಸಿ ಡಬ್ಬಿ ಮಾಡಿ, ಲಾರಿಯಲ್ಲಿ ತಂದು, ಹಡಗಿನ ಅಸ್ಥಿಪಂಜರದೊಳಗೆ ಬೆಂಕಿಪೊಟ್ಟಣದಂತೆ ತಳ್ಳುತ್ತಾರೆ. 2024ರಲ್ಲಿ ಮಯಾಮಿಯಿಂದ ಹೊರಟ ‘ಐಕಾನ್ ಆಫ್ ದ ಸೀಸ್’ 20 ಅಂತಸ್ತಿನದು, ಟೈಟಾನಿಕ್‌ನ ಐದು ಪಟ್ಟಿಗಿಂತ ದೊಡ್ಡದು, ಏಳು ಈಜುಕೊಳ, ಆರು ಜಾರುಬಂಡೆ.

“ಆಚಾರಿ ಎಷ್ಟು ಜನ?” ಎಂದು ಕೇಳಿದರು ಆಚಾರ್ಯರು. ಡಿಸೋಜರು ಚಹಾ ಕುಡಿದರು.

ಶೆಟ್ಟರಿಗೆ ತಮ್ಮ ಹಡಗಿನ ಪರವಾಗಿ ಏನಾದರೂ ಹೇಳಲೇಬೇಕಿತ್ತು. “ಅರಮನೆ, ಗಾಜು, ಮರ ಎಲ್ಲ ಸರಿ. ಅದು ಯಾರಿಗೆ? ಮೊದಲ ದರ್ಜೆಯವರಿಗೆ. ಕೆಳಗಿದ್ದವರಿಗೆ?”

“ಟೈಟಾನಿಕ್‌ನ ಮೂರನೆಯ ದರ್ಜೆಯಲ್ಲಿ 700ರಷ್ಟು ಜನರಿಗೆ ಸ್ನಾನದ ತೊಟ್ಟಿ ಎರಡೇ” ಎಂದು ಡಿಸೋಜರು ಒಪ್ಪಿದರು.

“ಕೇಳಿದಿರಾ? ನಮ್ಮ ಹಡಗಿನಲ್ಲಿ ಕಿಟಕಿ ಇಲ್ಲದವನಿಗೂ ಸ್ವಂತ ಬಚ್ಚಲು. ನಾನು, ಲಕ್ಷಾಧಿಪತಿ ಎಲ್ಲರೂ ಒಂದೇ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದೆವು.”

“ಲಕ್ಷಾಧಿಪತಿಗಳು ಬೇರೆ ಕಡೆ ಇದ್ದರು” ಎಂದರು ಜಲಜಕ್ಕ ಮೆಲ್ಲಗೆ. “ಮೇಲಿನ ಅಂತಸ್ತಿನಲ್ಲಿ ಅವರಿಗೇ ಬೇರೆ ಈಜುಕೊಳ, ಬೇರೆ ಊಟದ ಕೋಣೆ ಇತ್ತು. ನಾನು ಕಾರ್ಡ್ ತೋರಿಸಿದೆ. ಕೆಂಪು ದೀಪ ಬಂತು, ಬಾಗಿಲು ತೆರೆಯಲಿಲ್ಲ.”

“ನೀನು ನನಗೆ ಹೇಳಲೇ ಇಲ್ಲ!”

“ನೀವು ಆಗ ದಾರಿ ತಪ್ಪಿದ್ದಿರಿ.”

ಈ ವಿಷಯ ಮುಂದುವರಿದರೆ ದಂಪತಿಗಳ ಖಾಸಗಿ ಖಾತೆಗೆ ಹೋಗುವ ಲಕ್ಷಣವಿತ್ತು. ಹಾಗಾಗಿ ನಾನು, ಇಷ್ಟೆಲ್ಲ ವೈಭವದ ಸಾಮಾನುಗಳು ಕೊನೆಗೆ ಎಲ್ಲಿ ಹೋಗುತ್ತವೆ ಎಂದು ಕೇಳಿದೆ. ಟೈಟಾನಿಕ್‌ನ ಅಕ್ಕ ‘ಒಲಿಂಪಿಕ್’ನ ಹಲಗೆಗಳು ಇಂಗ್ಲೆಂಡಿನ ಆ್ಯನಿಕ್ ಎಂಬ ಊರಿನ ಹೋಟೆಲೊಂದರ ಗೋಡೆಯಲ್ಲಿವೆಯಂತೆ. ಬಹಳಷ್ಟು ಹಡಗುಗಳ ಸ್ಮಶಾನ ಮಾತ್ರ ನಮ್ಮಲ್ಲೇ, ಗುಜರಾತಿನ ಅಲಂಗ್‌ನಲ್ಲಿ. 1983ರಿಂದ ಅಲ್ಲಿ ಹಡಗು ಒಡೆಯುತ್ತಾರೆ. ಫ್ರಾನ್ಸಿನ ಹೆಮ್ಮೆಯಾಗಿದ್ದ ‘ಫ್ರಾನ್ಸ್’ ಹಡಗು ಕೂಡ ಹೆಸರು ಬದಲಿಸಿಕೊಂಡು ಅಲ್ಲಿಗೇ ಬಂದು ಚೂರಾಯಿತು. ಅಲಂಗ್‌ನ ರಸ್ತೆಯ ಎರಡೂ ಕಡೆ ಮೈಲುಗಟ್ಟಲೆ ಅಂಗಡಿಗಳು. ಹಾಸಿಗೆ, ತಟ್ಟೆ, ಕಮೋಡು, ಕನ್ನಡಿ, ಮೇಜು ಎಲ್ಲವೂ ಅಲ್ಲಿ ಸಿಗುತ್ತವೆ.

“ಹಡಗಿನ ಸಾಮಾನು ಎಂದು ಗುರುತು ಹೇಗೆ?” ಎಂದೆ.

“ಮೇಜಿನ ಅಂಚಿಗೆ ತಟ್ಟೆ ಜಾರದಂತೆ ಸಣ್ಣ ಕಟ್ಟೆ ಇರುತ್ತದೆ. ಕುರ್ಚಿಯಾದರೆ ಅಡಿಯಲ್ಲಿ ಹಿತ್ತಾಳೆಯ ಕೊಂಡಿ. ಬಿರುಗಾಳಿಯಲ್ಲಿ ಅದಕ್ಕೆ ಸರಪಳಿ ಸಿಕ್ಕಿಸಿ ನೆಲಕ್ಕೆ ಬಿಗಿಯುತ್ತಿದ್ದರು.”

ಅಷ್ಟರಲ್ಲಿ ನನ್ನ ಕೈಯ ಗೋಳಿಬಜೆ ಜಾರಿ ಕೆಳಗೆ ಉರುಳಿತು. ಹೆಕ್ಕಲು ಬಗ್ಗಿದೆ. ಬಗ್ಗಿದವನು ಸ್ವಲ್ಪ ಹೊತ್ತು ಏಳಲಿಲ್ಲ.

“ಸೊಂಟವೇ?” ಎಂದು ಕೇಳಿದರು ಶೆಟ್ಟರು.

“ಅಲ್ಲ. ನಿಮ್ಮ ಕುರ್ಚಿಯ ಅಡಿಯಲ್ಲಿ ಒಂದು ಕೊಂಡಿ ಇದೆ. ಹಿತ್ತಾಳೆಯದು.”

ಎಲ್ಲರೂ ತಮ್ಮ ತಮ್ಮ ಕುರ್ಚಿಯ ಅಡಿಗೆ ಕೈ ಹಾಕಿ ತಡವಿದರು. ಆಚಾರ್ಯರೊಬ್ಬರು ಹಾಕಲಿಲ್ಲ. ಅವರು ತೆಂಗಿನ ಮರವನ್ನು ನೋಡುತ್ತಿದ್ದರು.

“ಆಚಾರ್ಯರೇ, ಬರ್ಮಾ ತೇಗ ಎಂದಿದ್ದಿರಿ.”

“ತೇಗವೇ” ಎಂದರು ಆಚಾರ್ಯರು. “ಯಾವ ದಾರಿಯಲ್ಲಿ ಬಂತು ಎಂದು ನೀವು ಕೇಳಲಿಲ್ಲ.”

ಶೆಟ್ಟರು ಎದ್ದು ಕುರ್ಚಿಯನ್ನು ಸುತ್ತ ಒಮ್ಮೆ ನೋಡಿದರು, ಬೆನ್ನನ್ನು ಸವರಿದರು, ಮತ್ತೆ ಕೂತರು. ಈ ಸಲ ಸ್ವಲ್ಪ ನೆಟ್ಟಗೆ ಕೂತರು.

“ಯಾವ ದರ್ಜೆಯದು?” ಎಂದು ಕೇಳಿದರು.