ಜೀವಕೋಶದ ಮೈಗೆ ಡಿಎನ್ಎ ಒರಿಗಾಮಿ ಅಂಟಿಸೋದು: ಪ್ರಶ್ನೋತ್ತರ

ರಶ್ಮಿ: ಮೇಡಂ, ಸೈ5 (ಹೊಳೆಯೋ ಬಣ್ಣ) ಮತ್ತು ಕೊಲೆಸ್ಟ್ರಾಲ್ (ಕೋಶದ ಪೊರೆಗೆ ನಾಟಿಕೊಳ್ಳೋದು) ಎರಡೂ ಇರೋ ಒರಿಗಾಮಿಯನ್ನ, ಅಂದ್ರೆ ಡಿಎನ್ಎ ಎಳೆಗಳನ್ನ ಮಡಚಿ ಮಾಡಿದ ನ್ಯಾನೋ ಆಕಾರವನ್ನ, ಜರ್ಕಾಟ್ ಕೋಶಗಳಿಗೆ (ಲ್ಯಾಬಿನಲ್ಲಿ ಬೆಳೆಸೋ ಮನುಷ್ಯರ ಟಿ-ಕೋಶ) ಹಾಕಿ, 10% ಸೀರಂ ಇರೋ ಆರ್‌ಪಿಎಂಐನಲ್ಲಿ (ಕೋಶ ಬೆಳೆಸೋ ಮೀಡಿಯಾ) 37 ಡಿಗ್ರಿಗೆ 4 ಗಂಟೆ ಇಟ್ಟಿದ್ದೆ. ಫ್ಲೋ ಸೈಟೊಮೀಟರ್‌ನಲ್ಲಿ (ಒಂದೊಂದೇ ಕೋಶದ ಹೊಳಪು ಅಳೆಯೋ ಯಂತ್ರ) ಎಲ್ಲಾ ಹೊಳೀತಿವೆ. ಮೈಗೆ ಅಂಟಿದೆ ಅಂತ ಬರೀಬಹುದಾ?

ಮೇಡಂ: ಬರೀಬೇಡಿ. ಹೊಳೀತಿರೋದು ಸೈ5. ಅದು ಇನ್ನೂ ಒರಿಗಾಮಿಯಲ್ಲೇ ಇದೆ ಅನ್ನೋದಕ್ಕೆ ಏನು ಸಾಕ್ಷಿ? ಮಡಚಿದ್ದು 12.5 ಮಿಲಿಮೋಲಾರ್ ಮೆಗ್ನೀಸಿಯಂನಲ್ಲಿ, ಆರ್‌ಪಿಎಂಐನಲ್ಲಿ ಇರೋದು ಬರೀ 0.4, ಅಷ್ಟರಲ್ಲಿ ಅದು ಬಿಚ್ಚಿಕೊಳ್ಳಬಹುದು. ಜೊತೆಗೆ ಸೀರಂನ ನ್ಯೂಕ್ಲಿಯೇಸ್, ಅಂದ್ರೆ ಡಿಎನ್ಎ ಕತ್ತರಿಸೋ ಎಂಜೈಮ್. ಬಣ್ಣ ಹೊತ್ತ ಚೂರುಗಳು ಒಳಗೆ ಹೋದರೂ ಫ್ಲೋಗೆ ಕಾಣೋದು ಹೀಗೇ. ಸತ್ತ ಕೋಶ ಡಿಎನ್ಎನ ಸುಮ್ಮನೆ ಹಿಡ್ಕೊಳ್ಳುತ್ತೆ, ಹಾಗಾಗಿ ಲೈವ್-ಡೆಡ್ ಬಣ್ಣ ಹಾಕದ ಡೇಟಾ ನನಗೆ ತೋರಿಸಬೇಡಿ.

ಕೊಲೆಸ್ಟ್ರಾಲನ್ನ ಒರಿಗಾಮಿಗೆ ಹಾಕಿದ್ರೆ ಅವು ಒಂದಕ್ಕೊಂದು ಅಂಟಿ, ಜೆಲ್‌ನಲ್ಲಿ (ಡಿಎನ್ಎ ಓಡಿಸಿ ನೋಡೋ ಪದರ) ಮುಂದೆ ಹೋಗದೆ ಬಾವಿಯಲ್ಲೇ ಕೂರುತ್ತವೆ. ಕೊಲೆಸ್ಟ್ರಾಲನ್ನ ಕೋಶಕ್ಕೆ ಮೊದಲು ಹಾಕಿ. ಸೀರಂ ಇಲ್ಲದ ಪಿಬಿಎಸ್‌ನಲ್ಲಿ (ಫಾಸ್ಫೇಟ್ ಉಪ್ಪುನೀರು) ಎರಡು ಸಲ ತೊಳೆದು, 1 ಮೈಕ್ರೋಮೋಲಾರ್ ಕೊಲೆಸ್ಟ್ರಾಲ್ ಎಳೆ (ಕೊಲೆಸ್ಟ್ರಾಲ್ ಕಟ್ಟಿದ ಡಿಎನ್ಎ ಎಳೆ), ಐಸ್ ಮೇಲೆ 5 ನಿಮಿಷ. ಮತ್ತೆ ತೊಳೆದು, ಆ ಎಳೆಗೆ ಜೋಡಿಯಾಗೋ ಹಿಡಿ (ಹೊರಚಾಚಿದ ಡಿಎನ್ಎ ತುದಿ) ಇರುವ ಒರಿಗಾಮಿ, ಕೆಲವು ನ್ಯಾನೋಮೋಲಾರ್, ಐಸ್ ಮೇಲೆ ಅರ್ಧ ಗಂಟೆ. ಬಫರ್‌ನಲ್ಲಿ ಹೆಪೀಸ್ (ಆಮ್ಲ-ಕ್ಷಾರ ಮಟ್ಟ ಕಾಯೋದು), ಉಪ್ಪು, 5 ಮಿಲಿಮೋಲಾರ್ ಮೆಗ್ನೀಸಿಯಂ. ಹೋಲಿಕೆಗೆ, ಜೋಡಿಯಾಗದ ಹಿಡಿಯ ಒರಿಗಾಮಿ ಒಂದು ಟ್ಯೂಬ್ ಇರಲೇಬೇಕು.

ಕೊನೆಗೆ ಅರ್ಧ ಕೋಶಗಳಿಗೆ ಡಿಎನ್ಏಸ್ 1 (ಡಿಎನ್ಎ ಕತ್ತರಿಸೋ ಒಂದು ನ್ಯೂಕ್ಲಿಯೇಸ್) ಹಾಕಿ. ಹೊಳಪು ಇಳಿದರೆ ಹೊರಗಿತ್ತು, ಉಳಿದದ್ದು ಒಳಗಿನದು. ಆದರೆ ಒರಿಗಾಮಿ ಬೇಗ ಕರಗಲ್ಲ, ಹೊರಗಿದ್ದದ್ದೂ ಉಳಿದಿರಬಹುದು. ಹಾಗಾಗಿ ಅದೇ ಎಂಜೈಮ್, ಅಷ್ಟೇ ಹೊತ್ತು, ಬರೀ ಒರಿಗಾಮಿ ಮೇಲೆ ಮೊದಲು ಜೆಲ್‌ನಲ್ಲಿ ನೋಡ್ಕೊಳ್ಳಿ.

ಕಾರ್ತಿಕ್: ಸೀರಂನ 56 ಡಿಗ್ರಿಗೆ ಅರ್ಧ ಗಂಟೆ ಇಟ್ರೆ ನ್ಯೂಕ್ಲಿಯೇಸ್ ಸಾಯುತ್ತೆ ಅಂತ ಒಂದು ಪ್ರೋಟೋಕಾಲ್ ಫಾರ್ವರ್ಡ್ ಬಂದಿದೆ.

ಮೇಡಂ: 56 ಡಿಗ್ರಿ ಕಾಂಪ್ಲಿಮೆಂಟ್‌ಗೆ (ಸೀರಂನ ರೋಗನಿರೋಧಕ ಪ್ರೋಟೀನುಗಳು). ಡಿಎನ್ಏಸ್‌ಗೆ ಅದನ್ನ ನಂಬಬೇಡಿ. ಮುಂದಕ್ಕೆ ಕಳಿಸಲೂಬೇಡಿ.

ಸುನಿಲ್: ಕೊಲೆಸ್ಟ್ರಾಲ್ ಎಳೆ ಹಾಕಿ ಮೀಡಿಯಾಗೆ ವಾಪಸ್ ಬಿಟ್ರೆ ಸಿಗ್ನಲ್ ಬಿದ್ದೋಗುತ್ತೆ, ಯಾಕೆ?

ಮೇಡಂ: ಸೀರಂನ ಅಲ್ಬುಮಿನ್ ಪ್ರೋಟೀನ್ ಆ ಎಳೆಯನ್ನ ಕೋಶದ ಮೈಯಿಂದ ಕಿತ್ಕೊಳ್ಳುತ್ತೆ.

ವಿನಯ್: ಇಷ್ಟೆಲ್ಲಾ ಯಾಕೆ? ಬಯೋಟಿನ್-ಸ್ಟ್ರೆಪ್ಟಾವಿಡಿನ್ (ಒಂದು ವಿಟಮಿನ್, ಅದನ್ನ ಹಿಡಿಯೋ ಪ್ರೋಟೀನ್) ಹಾಕಿ, ಗಟ್ಟಿ ಇರುತ್ತೆ.

ಶಾಲಿನಿ: ಸ್ಟ್ರೆಪ್ಟಾವಿಡಿನ್‌ಗೆ ಬಯೋಟಿನ್ ಹಿಡಿಯೋ ನಾಲ್ಕು ಜಾಗ. ಮೈಮೇಲಿನ ಪ್ರೋಟೀನುಗಳನ್ನ ಒಂದಕ್ಕೊಂದು ಕಟ್ಟಿಬಿಟ್ರೆ ಕೋಶ ಒಳಗೆ ಎಳ್ಕೊಳ್ಳುತ್ತೆ. ಗಟ್ಟಿಯಂತೆ!

ವಿನಯ್: ಒಂದೇ ಜಾಗದ್ದು 2006ರಿಂದ ಇದೆ. ಓದಿ ಮಾತಾಡಿ.

ಶಾಲಿನಿ: ಆರ್‌ಪಿಎಂಐನಲ್ಲೇ ಬಯೋಟಿನ್ ಇದೆ, ಅದೇ ಜಾಗ ತುಂಬುತ್ತೆ, ನೀವು ಡಬ್ಬಿ ಓದಿ.

ಪೂರ್ಣಿಮಾ: ಪ್ರೈಮರಿ ನ್ಯೂರಾನ್‌ಗೂ (ಪ್ರಾಣಿಯಿಂದ ನೇರ ತೆಗೆದ ನರಕೋಶ) ಇದೇ ಕ್ರಮಾನಾ?

ವಿನಯ್: ತೊಳೆದು ಹಾಕೋಕೆ ಬರಲ್ವಾ ನಿಮಗೆ?

ಗಿರೀಶ್: ಮೇಡಂ, ಸೀರಂ 56 ಡಿಗ್ರಿಗೆ...

ಮೇಡಂ: ಮೇಲೆ ಓದಿ.