ಠಾಣೆ ಗೋಡೆಯಲ್ಲಿ ಐಎಸ್‌ಒ ಸರ್ಟಿಫಿಕೇಟ್, ನನ್ನ ಅಡಿಕೆಗೆ ಎಫ್‌ಐಆರ್ ಇಲ್ಲ

ಹೊಸನಗರದ ತೋಟದವ:
ಹೋದ ವಾರ ಅಂಗಳದಲ್ಲಿ ಒಣಗಲು ಹಾಕಿದ್ದ ಕೆಂಪಡಿಕೆ ಕಳುವಾಯಿತು. ಹೆಚ್ಚೂ ಕಡಿಮೆ ಒಂದೂವರೆ ಕ್ವಿಂಟಾಲ್. ರಾತ್ರಿ ನಾಯಿ ಬೊಗಳಿತ್ತು. ಕಾಡುಹಂದಿ ಇರಬೇಕು ಅಂತ ಮಗ್ಗಲು ಬದಲಿಸಿ ಮಲಗಿದೆ. ಬೆಳಿಗ್ಗೆ ಠಾಣೆಗೆ ಹೋದರೆ ‘ಬಿಳಿ ಹಾಳೆಯಲ್ಲಿ ಅರ್ಜಿ ಬರೆದಿಟ್ಟು ಹೋಗಿ, ನೋಡೋಣ’ ಎಂದರು. ಸ್ವೀಕೃತಿಯೂ ಇಲ್ಲ. ಬೆಂಚಿನ ಎದುರಿಗೇ ಫ್ರೇಮ್ ಹಾಕಿದ ಐಎಸ್‌ಒ 9001 ಸರ್ಟಿಫಿಕೇಟ್ ನೇತಾಡುತ್ತಿತ್ತು. ಪಂಪ್‌ಸೆಟ್ಟಿನ ಡಬ್ಬದ ಮೇಲೆ ಇದನ್ನು ನೋಡಿದ್ದೆ. ಠಾಣೆಗೆ ಏನನ್ನು ನೋಡಿ ಕೊಡುತ್ತಾರೆ?

ನಿವೃತ್ತ ರೈಟರ್, ತೀರ್ಥಹಳ್ಳಿ:
ನನ್ನ ಸರ್ವಿಸ್ಸಿನ ಜಾಸ್ತಿ ಭಾಗ ಠಾಣೆಯ ದಾಖಲೆ ಬರೆಯುವ ಸ್ಟೇಷನ್ ರೈಟರ್ ಕುರ್ಚಿಯಲ್ಲೇ ಕಳೆದದ್ದು, ಹಾಗಾಗಿ ಹೇಳುತ್ತೇನೆ. ಜಿನೀವಾದ ಐಎಸ್‌ಒ ಸಂಸ್ಥೆ ಮಾನದಂಡ ಬರೆಯುತ್ತದೆ, ಅಷ್ಟೆ. 9001 ಅಂದರೆ ಕೆಲಸವನ್ನು ಕ್ರಮವಾಗಿ ನಡೆಸುವುದರ ಮಾನದಂಡ. ತಪಾಸಣೆ ಮಾಡಿ ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳೇ ಬೇರೆ. ಸಾಮಾನ್ಯವಾಗಿ ಮೂರು ವರ್ಷಕ್ಕೆ ಕೊಡುತ್ತಾರೆ, ನಡುವೆ ವರ್ಷಕ್ಕೊಮ್ಮೆ ಆಡಿಟ್. ಅವರು ಬರುವ ವಾರ ನಾವು ಮುದ್ದೆಮಾಲಿಗೆಲ್ಲ (ಕೇಸುಗಳಲ್ಲಿ ವಶಪಡಿಸಿಕೊಂಡ ವಸ್ತುಗಳಿಗೆ) ಚೀಟಿ ಕಟ್ಟಿ, ರಿಜಿಸ್ಟರ್‌ಗಳಿಗೆ ಬೈಂಡ್ ಹಾಕಿಸಿ, ಗೋಡೆಗೆ ಸುಣ್ಣ ಹೊಡೆಸಿದ್ದೆವು. ಉಪಯೋಗವೇ ಆಗಲಿಲ್ಲ ಎನ್ನಲಾರೆ. ಅರ್ಧ ದಿನ ಹುಡುಕುತ್ತಿದ್ದ ಹಳೇ ಫೈಲು ಆಮೇಲೆ ಹತ್ತು ನಿಮಿಷದಲ್ಲಿ ಸಿಗುತ್ತಿತ್ತು.

ಆದರೆ ಆಡಿಟ್‌ನವರ ಕಣ್ಣಿಗೆ ಬೀಳುವುದು ಬರೆದಿಟ್ಟದ್ದು ಮಾತ್ರ. ನಿಮ್ಮ ಬಿಳಿ ಹಾಳೆ ಯಾವ ರಿಜಿಸ್ಟರಿಗೂ ಏರಿಲ್ಲ, ಅಲ್ವಾ? ಹಾಗಿದ್ದರೆ ಅವರ ಲೆಕ್ಕದಲ್ಲಿ ನಿಮ್ಮ ಅಡಿಕೆ ಇನ್ನೂ ಅಂಗಳದಲ್ಲೇ ಒಣಗುತ್ತಿದೆ.

ಕಳ್ಳತನದ ದೂರು ಬಂದರೆ ಎಫ್‌ಐಆರ್ ಹಾಕಲೇಬೇಕು ಎಂಬುದು ಸುಪ್ರೀಂ ಕೋರ್ಟಿನ 2013ರ ಲಲಿತಾ ಕುಮಾರಿ ತೀರ್ಪಿನ ಸಾರ. 2024ರ ಜುಲೈ 1ರಿಂದ ಹಳೇ ಸಿಆರ್‌ಪಿಸಿ ಬದಲಿಗೆ ಬಂದ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಾಯ್ದೆಯಲ್ಲಿ, ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಪ್ರಕರಣಗಳಿಗೆ ಡಿವೈಎಸ್‌ಪಿ ಅನುಮತಿ ಪಡೆದು 14 ದಿನ ಪ್ರಾಥಮಿಕ ವಿಚಾರಣೆ ಮಾಡಲು ಅವಕಾಶ ಇದೆ. ‘ನೋಡೋಣ’ ಅನ್ನುವುದು ಆ ವಿಚಾರಣೆ ಅಲ್ಲ. ಠಾಣೆಯಲ್ಲಿ ಒಪ್ಪದಿದ್ದರೆ ಅದೇ ಕಾಯ್ದೆಯ 173(4)ನೇ ಕಲಮಿನಂತೆ ಎಸ್‌ಪಿಯವರಿಗೆ ಅಂಚೆಯಲ್ಲಿ ಬರೆಯಿರಿ. ಎಫ್‌ಐಆರ್ ಆದಮೇಲೆ ಅದರ ಪ್ರತಿ ನಿಮಗೆ ಪುಕ್ಕಟೆ. ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ಅವರೇ ತಿಳಿಸಬೇಕು.

ಸಾಗರದ ಅಜ್ಜಿ:
ಮಗನ ಮನೆಗೆ ಅಮೆರಿಕಕ್ಕೆ ಹೋದಾಗ ಅಲ್ಲಿಯ ಪೊಲೀಸ್ ಕಾರಿನ ಮೇಲೆ ಒಂದು ಸ್ಟಿಕ್ಕರ್ ನೋಡಿ ಕೇಳಿದ್ದೆ. ಪೊಲೀಸ್ ಇಲಾಖೆಗಳಿಗೇ ಇಂಥ ಮಾನ್ಯತೆ ಕೊಡಲು ಅಂತ 1979ರಲ್ಲಿ ಶುರುವಾದ ಸಂಸ್ಥೆಯಂತೆ, ಹೆಸರು ಕಲಿಯಾ. (ಕೇಳಿದ ಕೂಡಲೇ ‘ಕಲಿಯೋ’ ಅಂತ ನಮ್ಮಮ್ಮ ಗದರಿದಂತಾಯಿತು!) ಸೇರಲೇಬೇಕು ಅಂತಿಲ್ಲ. ಸೇರಿದ ಇಲಾಖೆಯ ಬಗ್ಗೆ ಊರಿನವರೂ ಅಭಿಪ್ರಾಯ ಬರೆದು ಕಳಿಸಬಹುದು. ಅದನ್ನು ಕಟ್ಟಿದ್ದೂ ಪೊಲೀಸ್ ಅಧಿಕಾರಿಗಳ ಸಂಘಗಳೇ ಅಂತ ಗೊತ್ತಾದ ಮೇಲೆ ನನ್ನ ಉತ್ಸಾಹ ಸ್ವಲ್ಪ ಇಳಿಯಿತು. ಆದರೂ ಊರಿನವರನ್ನು ಕೇಳುವುದು ಒಳ್ಳೆಯದಲ್ವಾ?

ಹೊಸನಗರದ ತೋಟದವ:
ಕೇಳಿದ್ದರೆ ನಾನು ಎರಡು ಪುಟ ಬರೆಯುತ್ತಿದ್ದೆ ಅಮ್ಮಾ. ರೈಟರ್ ಸಾರ್, ನಾಳೆ ಹೇಗೂ ಶಿವಮೊಗ್ಗಕ್ಕೆ ಹೋಗುವುದಿದೆ. ಎಸ್‌ಪಿ ಕಚೇರಿಗೆ ನಾನೇ ಕೊಟ್ಟು ಬಂದರೆ ಆಗುತ್ತಾ?

ನಿವೃತ್ತ ರೈಟರ್, ತೀರ್ಥಹಳ್ಳಿ:
ಕೊಡಿ. ಎರಡನೇ ಪ್ರತಿಗೆ ಸೀಲು, ತಾರೀಖು ಹಾಕಿಸಿಕೊಳ್ಳದೆ ಮೆಟ್ಟಿಲು ಇಳಿಯಬೇಡಿ. ಅಂಚೆಯಲ್ಲೂ ಒಂದು ಪ್ರತಿ ರಿಜಿಸ್ಟರ್ ಮಾಡಿ.